ರೇಷ್ಮೆ ಬೆಂಕಿ

ತೆಂಗಿನ ಗೆರಟೆ ಸುಡುವಾಗ ಮೊದಲು ಬರುವ ವಾಸನೆ ಸಿಹಿ. ಕೊಬ್ಬರಿ ಮಿಠಾಯಿ ಕಾಯಿಸಿದ ಹಾಗೆ. ಆಮೇಲೆ ಅದು ಗಂಟಲು ಹಿಡಿಯುತ್ತದೆ. ನಮ್ಮುಮ್ಮ ಮಂಗಳೂರಿನ ಬೆಂಗ್ರೆಯ ಮರಳಿನಲ್ಲಿ ಗುಂಡಿ ತೋಡಿ, ಮನೆಮನೆಯಿಂದ ಗೆರಟೆ ಹೊತ್ತು ತಂದು ಸುರಿದು, ಬೆಂಕಿ ಕೊಟ್ಟು, ಒದ್ದೆ ಗೋಣಿ ಮುಚ್ಚಿ ಇದ್ದಿಲು ಮಾಡುತ್ತಿದ್ದಳು. ಬಂದರಿನ ಅಕ್ಕಸಾಲಿಗರು ಅದನ್ನು ಕೊಳ್ಳುತ್ತಿದ್ದರು. ಅವಳ ಕಣ್ಣಿನ ಬಿಳಿ ಯಾವತ್ತೂ ಕೆಂಪು. ತಲೆವಸ್ತ್ರವನ್ನು ಎಷ್ಟು ಒಗೆದರೂ ಆ ವಾಸನೆ ಬಿಡುತ್ತಿರಲಿಲ್ಲ. ಅರ್ಥಶಾಸ್ತ್ರದಲ್ಲಿ ನಾನು ಬಿ.ಎ. ಮಾಡಿದ್ದು ಆ ಹೊಗೆಯ ದುಡಿಮೆಯಲ್ಲಿ. ನಮ್ಮ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು.

ಅಂಥ ನನ್ನ ಉಮ್ಮ ಭೂಮಿಗೆ ದ್ರೋಹ ಮಾಡಿದವಳು ಎಂದು ನನಗೆ ಗೊತ್ತಾದದ್ದು ಈಚೆಗೆ. ಮಸ್ಕತ್ತಿನಲ್ಲಿ. ಹೊಳೆಯುವ ದಪ್ಪ ಕಾಗದದ ಒಂದು ಪುಸ್ತಿಕೆ ಅದನ್ನು ನನಗೆ ತಿಳಿಸಿತು.

ನನ್ನ ಹೆಸರು ಹಲೀಮಾ. ದಾರ್ಸೈಟಿನ ಫ್ಲ್ಯಾಟಿನಲ್ಲಿ ಮಗ ಫಾಹಿಮನ ಜೊತೆ ಇದ್ದೇನೆ. ವಾದಿ ಅದಾಯ್‌ನಲ್ಲಿ, ಕಾರು ರಿಪೇರಿ ಗ್ಯಾರೇಜುಗಳ ನಡುವೆ, ಅವನ ಕೇಟರಿಂಗ್ ಅಡುಗೆಮನೆ. ಲೈಸೆನ್ಸಿನಲ್ಲಿ ಅರ್ಧ ಹೆಸರು ಕಫೀಲನದ್ದು, ಅಂದರೆ ನಮ್ಮೆಲ್ಲರ ವೀಸಾಕ್ಕೆ ಸಹಿ ಹಾಕುವ ಒಮಾನಿ ಜಾಮೀನುದಾರನದ್ದು. ದುಡಿಮೆ ಪೂರ್ತಿ ನಮ್ಮದು. ಗೀ ರೈಸಿನ ಮಸಾಲೆ ಮಾತ್ರ ಇಂದಿಗೂ ನಾನೇ ಹುರಿಯುವುದು. ಬೇರೆಯವರ ಕೈಯಲ್ಲಿ ಆ ಪರಿಮಳ ಬರುವುದಿಲ್ಲ ಎನ್ನುತ್ತಾನೆ ಫಾಹಿಮ್. ಮುದುಕಿಯನ್ನು ಖುಷಿಯಲ್ಲಿಡಲು ಹೇಳುತ್ತಾನೋ, ನಿಜವೋ, ನಾನು ಕೇಳಲು ಹೋಗಿಲ್ಲ.

ಅಲ್ಲಿ ಪಾತ್ರೆ ತೊಳೆಯುವವಳು, ಬೆಂಕಿ ನೋಡಿಕೊಳ್ಳುವವಳು ಪಿಲಿ. ಟಾಂಝಾನಿಯಾದವಳು. ಪಿಲಿ ಎಂದರೆ ಅವರ ಭಾಷೆಯಲ್ಲಿ ಎರಡನೆಯ ಮಗಳಂತೆ. ನಮ್ಮ ತುಳುವಿನಲ್ಲಿ ಹುಲಿ. ಅಡುಗೆಯ ಮೊಯ್ದು ಅವಳು ಬಂದ ದಿನವೇ, "ಹುಲಿ ಬಂತು, ಮಾಂಸ ಒಳಗಿಡಿ" ಎಂದು ನಗಾಡಿದ್ದ. ಅವಳೂ ನಕ್ಕಿದ್ದಳು, ಅರ್ಥವಾಗದೆ. ಈಗ ಅರ್ಧ ಹಿಂದಿ, ಕಾಲು ಅರಬ್ಬಿ, ಕಾಲು ಬ್ಯಾರಿ ಸೇರಿಸಿ ಅವನಿಗೆ ಸರಿಯಾಗಿ ಬಯ್ಯುತ್ತಾಳೆ. ನನ್ನನ್ನು 'ಬೀಬಿ' ಎನ್ನುತ್ತಾಳೆ. ಅವರಲ್ಲಿ ಅಜ್ಜಿಗೆ ಹಾಗೆ ಹೇಳುವುದು.

ನಾನು ಅವಳನ್ನು ಮೆಚ್ಚಿದ್ದು ಮೊದಲ ದಿನವೇ. ದೊಡ್ಡ ಡೇಗ್ ಪಾತ್ರೆಯನ್ನು ಒಲೆಗೆ ಏರಿಸುವ ಮೊದಲು ಅವಳು ಅದಕ್ಕೆ ಒಂದು ಬೊಗಸೆ ನೀರು ಹಾಕಿದಳು. ನಮ್ಮುಮ್ಮನೂ ಹಾಗೆಯೇ. ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಇಡಬಾರದು, ಖಾಲಿ ಪಾತ್ರೆಯಲ್ಲಿ ಸೌಟು ಆಡಿಸಬಾರದು. ಹಸಿವನ್ನು ಮನೆಗೆ ಕರೆದ ಹಾಗೆ. ಕಡಲಿನ ಆ ದಡದಲ್ಲೂ ಇದೇ ಮಾತಂತೆ.

ಅವಳ ತಾಯಿಯೂ ಇದ್ದಿಲು ಸುಡುವವಳೇ. ಕಾಡಿನ ಅಂಚಿನಲ್ಲಿ ಮನೆ. ಒಣಗಿ ಬಿದ್ದ ಮರ ಕಡಿದು, ಮಣ್ಣು ಮುಚ್ಚಿ ಸುಟ್ಟು, ಮೂಟೆ ಕಟ್ಟಿ ರಸ್ತೆಬದಿಯಲ್ಲಿ ಮಾರುತ್ತಿದ್ದಳು. ಒಂದು ದಿನ ಕಾಡಿನ ಸುತ್ತ ತಂತಿಬೇಲಿ ಬಂತು. ಕಾವಲುಗಾರರು ಬಂದರು. ಅವಳ ಇದ್ದಿಲ ಗೂಡನ್ನು ಬೂಟಿನಲ್ಲಿ ಒದ್ದು ಕೆಡವಿದರು. ಉರಿಯುವ ಮಣ್ಣಿನ ಮೇಲೆ ಅವಳನ್ನು ಮೊಣಕಾಲೂರಿ ಕೂರಿಸಿ ಫೋಟೊ ಹಿಡಿದರು. ಮಾರನೆಯ ವಾರ ಇನ್ನೊಂದು ತಂಡ ಬಂದು ಅವಳಿಗೆ ಒಂದು ಗ್ಯಾಸ್ ಒಲೆ ಕೊಟ್ಟು ಇನ್ನೊಂದು ಫೋಟೊ ಹಿಡಿಯಿತು. ಈ ಸಲ ನಗಲು ಹೇಳಿದರು. ಸಿಲಿಂಡರ್ ಮುಗಿದ ಮೇಲೆ ತುಂಬಿಸುವ ಅಂಗಡಿ ಇದ್ದದ್ದು ಜಿಲ್ಲಾಪಟ್ಟಣದಲ್ಲಿ. ಆ ಒಲೆಯಲ್ಲಿ ಈಗ ಕೋಳಿ ಮೊಟ್ಟೆ ಇಡುತ್ತದೆ ಎಂದು ಪಿಲಿ ಹೇಳಿದಳು. ಮನೆ ನಡೆಯುವುದು ಪಿಲಿಯ ಸಂಬಳದಲ್ಲಿ.

ಹೊಳೆಯುವ ಪುಸ್ತಿಕೆಯನ್ನು ತಂದವನು ಫಿಲಿಪ್. ಮಂಗಳೂರಿನವನು, ಸಭೆ ಸಮಾರಂಭ ನಡೆಸಿಕೊಡುವ ಕೆಲಸ. 'ಆಫ್ರಿಕಾವನ್ನು ಹೊಗೆಯಿಂದ ಬಿಡಿಸೋಣ' ಎಂದು ದೊಡ್ಡ ಸಮ್ಮೇಳನ, ಸೀಬ್ ಕಡೆ ಕಡಲದಂಡೆಯ ಹೋಟೆಲಿನ ಅಂಗಳದಲ್ಲಿ ಹಾಕಿದ ಟೆಂಟಿನಲ್ಲಿ. ನಡೆಸುವ ಕಂಪೆನಿಯಲ್ಲಿ ನಮ್ಮ ಕಫೀಲ್ ಪಾಲುದಾರ. ಹಾಗಾಗಿ ಮಧ್ಯಾಹ್ನದ ಊಟ ನಮ್ಮ ಪಾಲಿಗೆ ಬಂತು.

ಪುಸ್ತಿಕೆಯನ್ನು ನಾನು ಮಸಾಲೆ ಆರುವಷ್ಟರಲ್ಲಿ ಓದಿ ಮುಗಿಸಿದೆ. ಇದ್ದಿಲು ಸುಡುವವರು ಭೂಮಿಗೆ ದ್ರೋಹ ಮಾಡುವವರು ಎಂದು ಮೊದಲ ಪುಟದಲ್ಲೇ ಇತ್ತು. ಆ ಕಂಪೆನಿ ಟಾಂಝಾನಿಯಾದಲ್ಲಿ ಒಂದು ಕಾಡನ್ನು ಗುತ್ತಿಗೆಗೆ ಹಿಡಿದಿದೆ. ಅಲ್ಲಿ ಇನ್ನು ಯಾರೂ ಮರ ಸುಡುವಂತಿಲ್ಲ. ಸುಡದೆ ಉಳಿದದ್ದರಿಂದ ಎಷ್ಟು ಹೊಗೆ ಆಗಲಿಲ್ಲ ಎಂದು ತೂಗಿ, ಅದನ್ನು ಬೇರೆ ಕಂಪೆನಿಗಳಿಗೆ ಮಾರುತ್ತಾರೆ. ಕೊಂಡವರು ತಮ್ಮ ಎಣ್ಣೆ, ತಮ್ಮ ಗ್ಯಾಸು, ತಮ್ಮ ವಿಮಾನ ನೆಮ್ಮದಿಯಾಗಿ ಸುಡಬಹುದು.

ಕಾಲೇಜಿನಲ್ಲಿ ನಮಗೆ ಬೇಡಿಕೆ ಕಲಿಸಿದ್ದರು, ಪೂರೈಕೆ ಕಲಿಸಿದ್ದರು. ಆಗದೇ ಉಳಿದ ಹೊಗೆ ಎಂಬ ಸರಕಿನ ಬಗ್ಗೆ ಯಾರೂ ಹೇಳಿರಲಿಲ್ಲ. ಒಬ್ಬ ಹೆಂಗಸು ಬೆಂಕಿ ಹಚ್ಚದೆ ಕುಳಿತರೆ ಅದು ಸರಕು. ಮಾರುವವನು ಒಬ್ಬ. ಕೊಳ್ಳುವವನು ಇನ್ನೊಬ್ಬ. ಹಚ್ಚದೆ ಕುಳಿತವಳು ಮಾತ್ರ ವ್ಯಾಪಾರದಲ್ಲಿ ಇಲ್ಲ.

ಪುಸ್ತಿಕೆಯ ನಡುಪುಟದಲ್ಲಿ ಕಾಡಿನ ಚಿತ್ರ, ಕೆಳಗೆ ಊರಿನ ಹೆಸರು. ಪಿಲಿ ಒದ್ದೆ ಬೆರಳನ್ನು ಆ ಹೆಸರಿನ ಮೇಲಿಟ್ಟಳು. ಅವಳಮ್ಮನ ಊರು. ಮತ್ತೆ ತಪ್ಪಲೆ ಉಜ್ಜಲು ಕುಳಿತಳು.

ಫಿಲಿಪ್ ಅವಳನ್ನು ನೋಡಿದ್ದು ಆಗಲೇ.

"ಫಾಹಿಮ್ ಭಾಯ್, ಇವಳು ಆಫ್ರಿಕಾದವಳಾ?"

"ಮತ್ತೆಂತ, ಕಾರ್ಕಳದವಳಾ?" ಎಂದ ಮೊಯ್ದು, ಒಳಗಿನಿಂದ.

"ದೇವರೇ ಕಳಿಸಿದ್ದು ಮಾರ್ರೆ! ಸ್ಟೇಜಿನ ಮೇಲೆ ಒಲೆ ತೋರಿಸ್ಲಿಕ್ಕೆ ಆಫ್ರಿಕಾದಿಂದ ಒಬ್ಬಳು ಬರಬೇಕಿತ್ತು. ಎಲ್ಲರ ಟಿಕೆಟ್ ಮಾಡಿ ಅವಳದ್ದೇ ಬಿಟ್ಟುಹೋಗಿದೆ. ಇವಳಾದರೆ ಸಾಕು. ನಮ್ಮ ಶುದ್ಧ ಒಲೆಯ ಮುಂದೆ ನಿಂತು ಸೌಟು ತಿರುಗಿಸಬೇಕು, ನಗಬೇಕು, ಅವಳ ಭಾಷೆಯಲ್ಲಿ ನಾಲ್ಕು ಮಾತು. ಅಷ್ಟೇ."

"ಎಂತ ಮಾತು?" ಎಂದೆ.

"ಎಂತ ಬೇಕಾದ್ರೂ ಹೇಳ್ಲಿ ಆಂಟಿ. ತರ್ಜುಮೆ ಪ್ರಿಂಟ್ ಆಗಿದೆ."

ಪಿಲಿ ತಲೆ ಎತ್ತಿ ಹಿಂದಿಯಲ್ಲಿ ಕೇಳಿದಳು. "ಪಾತ್ರೆಯಲ್ಲಿ ಏನಿರುತ್ತದೆ?"

"ಏನಿಲ್ಲ, ಖಾಲಿ. ಟೆಂಟಿನೊಳಗೆ ಬೆಂಕಿ ಹಚ್ಚಲು ಹೋಟೆಲಿನವರು ಬಿಡುವುದಿಲ್ಲ. ಕೆಂಪು ಬಲ್ಬು, ಮೇಲೆ ರೇಷ್ಮೆ ಬಟ್ಟೆ, ಕೆಳಗೆ ಸಣ್ಣ ಫ್ಯಾನು. ಬೆಂಕಿಗಿಂತ ಚೆಂದ ಕಾಣುತ್ತದೆ. ನೀರು ಗೀರು ಹಾಕಬೇಡ, ಕರೆಂಟ್ ಉಂಟು."

ಫಿಲಿಪ್ ಫಾಹಿಮನ ಹೆಗಲ ಮೇಲೆ ಕೈಯಿಟ್ಟ. "ಅವಳ ವೀಸಾ ಈ ತಿಂಗಳು ಮುಗಿಯುತ್ತದಲ್ಲ? ಕಾಗದ ಕಫೀಲ್ ಟೇಬಲ್ ಮೇಲೇ ಉಂಟು. ಅವತ್ತು ಚೆನ್ನಾಗಿ ನಕ್ಕರೆ ಅವತ್ತೇ ಸೈನ್. ನಗದಿದ್ದರೆ... ನಾನು ಹೇಳುವುದಿಲ್ಲ, ನಿಮಗೇ ಗೊತ್ತು."

ಹೋಗುವಾಗ ಅವನು ನನ್ನ ಕುರ್ಚಿಯನ್ನು ಫ್ಯಾನಿನ ಗಾಳಿ ಬೀಳುವ ಕಡೆ ಸರಿಸಿಕೊಟ್ಟು ಹೋದ. ಒಳ್ಳೆಯ ಹುಡುಗ. ಎಲ್ಲರೂ ಒಳ್ಳೆಯವರೇ. ಕಷ್ಟ ಇರುವುದು ಅಲ್ಲೇ.

ಊಟದ ಪಟ್ಟಿಯಲ್ಲಿ ಒಂದು ತೊಡಕಿತ್ತು. ದೊಡ್ಡವರಿಗೆಲ್ಲ ಮಿಶ್ಕಾಕ್ ಬೇಕು, ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ. ಮಿಶ್ಕಾಕ್ ಆಗುವುದು ಇದ್ದಿಲಿನಲ್ಲಿ. ಎಲೆಕ್ಟ್ರಿಕ್ ಗ್ರಿಲ್ಲಿನಲ್ಲಿ ಸುಟ್ಟು ರುಚಿ ತೋರಿಸಿದರೆ ಕಂಪೆನಿಯವರು ಮೂಗು ಮುರಿದರು. ಆದರೆ ಇದ್ದಿಲಿನ ವಿರುದ್ಧ ನಡೆಯುವ ಸಭೆಯಲ್ಲಿ ಇದ್ದಿಲು ಕಾಣುವುದು ಹೇಗೆ? ಫಿಲಿಪ್ ದಾರಿ ಹುಡುಕಿದ. ಟೆಂಟಿನ ಹಿಂದೆ, ಕಡಲಿನ ಕಡೆ, ಕುಂಡದ ಗಿಡಗಳ ಸಾಲು. ಅದರ ಹಿಂದೆ ಪರದೆ. ಪರದೆಯ ಹಿಂದೆ ಬೆಂಕಿ. ಸುಟ್ಟದ್ದನ್ನು ಸುತ್ತು ಹಾಕಿ ತಂದು, ಎಲೆಕ್ಟ್ರಿಕ್ ತಟ್ಟೆಯ ಮೇಲೆ ಜೋಡಿಸಿ, 'ಶುದ್ಧ ಶಕ್ತಿಯ ಅಡುಗೆ' ಎಂದು ಬೋರ್ಡು ಇಡುವುದು.

ಸಮ್ಮೇಳನದ ದಿನ ಬೆಳಿಗ್ಗೆಯೇ ನಾವು ಪರದೆಯ ಹಿಂದೆ ಇದ್ದೆವು. ಗೀ ರೈಸಿನ ಪಕ್ಕದಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ. ಮೊಯ್ದು ಮತ್ತು ಅವನ ಸಹಾಯಕ ಇಸುಬು ಇದ್ದಿಲಿನ ಮೂಟೆಗಳನ್ನು ಇಳಿಸಿದರು. ಪಿಲಿ ಒಂದರ ಬಾಯಿ ಬಿಚ್ಚಲು ಹೋದವಳು ಹಾಗೇ ನಿಂತಳು. ಮೂಟೆಯ ಬಾಯಿಗೆ ಒಣಹುಲ್ಲು ತುರುಕಿ, ಮೇಲೆ ಕತ್ತಾಳೆ ಹಗ್ಗವನ್ನು ಬಲೆಯಂತೆ ಹೆಣೆದಿದ್ದರು.

"ಬೀಬಿ, ಇದು ನಮ್ಮ ಕಡೆಯ ಹೆಣಿಗೆ."

"ಅಲ್ಲಿ ಸುಡುವುದನ್ನು ನಿಲ್ಲಿಸಿದ್ದಾರಲ್ಲ?"

"ಅಮ್ಮನಿಗೆ ನಿಲ್ಲಿಸಿದ್ದಾರೆ," ಎಂದಳು. "ಲಾರಿಯವರಿಗೆ ಪರ್ಮಿಟ್ ಇದೆ."

ಅವಳು ಹೆಣಿಗೆಯನ್ನು ಕತ್ತರಿಸಲಿಲ್ಲ. ಬೆರಳಲ್ಲೇ ಬಿಚ್ಚಿದಳು. ಕೆಂಡ ಮಾಡಿದಳು. ಬೀಸಣಿಗೆ ಹಿಡಿದು ಬೀಸಿದಳು. ಮುಂಗೈಗೆ ಕಿಡಿ ಹಾರಿತು, ಬೀಸುವುದು ನಿಲ್ಲಲಿಲ್ಲ. ಬೆವರು ಹುಬ್ಬಿನಿಂದ ಕೆಂಡಕ್ಕೆ ಬಿದ್ದು ಚುಂಯ್ ಎನ್ನುತ್ತಿತ್ತು. ಮೊಯ್ದು ಒದ್ದೆ ಬಟ್ಟೆಯೊಂದನ್ನು ಅವಳ ಹೆಗಲ ಮೇಲೆ ಹಾಕಿ ಹೋದ.

ತರ್ಜುಮೆಗೆ ಬಂದಿದ್ದವರು ಖಲ್ಫಾನ್ ಎಂಬ ಒಮಾನಿ ಮುದುಕರು. ಹುಟ್ಟಿದ್ದು ಝಾಂಝಿಬಾರಿನಲ್ಲಂತೆ. ಪಿಲಿಯ ಭಾಷೆ ಅವರಿಗೆ ತಾಯಿಯ ಮನೆಯ ಭಾಷೆ. ಪರದೆ ಸರಿಸಿ ಬಂದು ನನಗೆ ಸಲಾಂ ಹೇಳಿ, ಅವಳ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಏನೋ ಕೇಳಿದರು. ಅವಳು ಬೀಸುತ್ತಲೇ ಬಹಳ ಹೊತ್ತು ಹೇಳಿದಳು. ಅವರ ಬಿಳಿ ದಿಶ್ದಾಶ ನಿಲುವಂಗಿಯ ಅಂಚು ಇದ್ದಿಲಿನಲ್ಲಿ ಕಪ್ಪಾಯಿತು. ಅವರು ಅದನ್ನು ಕೊಡವಿಕೊಳ್ಳಲಿಲ್ಲ.

ಫಿಲಿಪ್ ಬಂದು ಅವರ ಕೈಗೆ ಒಂದು ಕಾರ್ಡು ಕೊಟ್ಟ. ಅವರು ಗಟ್ಟಿಯಾಗಿ ಓದಿದರು. "ಈ ಒಲೆ ನನ್ನ ಬದುಕನ್ನೇ ಬದಲಿಸಿತು. ನನ್ನ ಮಕ್ಕಳು ಈಗ ಕೆಮ್ಮುವುದಿಲ್ಲ."

"ಇವಳಿಗೆ ಮಕ್ಕಳಿಲ್ಲ," ಎಂದರು ಹಿಂದಿಯಲ್ಲಿ.

"ಇಲ್ಲದಿದ್ದರೆ ಕೆಮ್ಮುವುದೂ ಇಲ್ಲವಲ್ಲ ಸರ್," ಎಂದ ಫಿಲಿಪ್. ಅವಸರದಲ್ಲಿದ್ದ ಪಾಪ. ತಮಾಷೆ ಮಾಡಿದ್ದೇನೆಂದು ಅವನಿಗೂ ಗೊತ್ತಾಗಲಿಲ್ಲ.

ಪಿಲಿಗೆ ದೊಡ್ಡ ಹೂವಿನ ಬಟ್ಟೆ ಸುತ್ತಿದರು. ತಲೆಗೂ ಒಂದು ಕಟ್ಟಿದರು. ಕೈಯ ಮಸಿ ಒರೆಸಲು ಒಬ್ಬಳು ಬಂದಳು. ಇನ್ನೊಬ್ಬಳು, "ಸ್ವಲ್ಪ ಇರಲಿ, ನೈಜವಾಗಿ ಕಾಣುತ್ತದೆ" ಎಂದಳು.

ಫಾಹಿಮ್ ಹತ್ತಿರ ಬಂದ. "ಪಿಲಿ, ಸ್ವಲ್ಪ ನಗು ಮಾರಾಯ್ತಿ. ವೀಸಾದ ವಿಷಯ." ಗದರಿಸಲಿಲ್ಲ. ಬೇಡಿಕೊಂಡ. ಅವನ ಹಣೆಯಲ್ಲೂ ಬೆವರಿತ್ತು.

ಪರದೆಯ ಸಂದಿನಿಂದ ನನಗೆ ವೇದಿಕೆ ಕಾಣುತ್ತಿತ್ತು. ಒಳಗೆ ಎ.ಸಿ., ಕತ್ತಲೆ, ಮೆತ್ತನೆ ಕುರ್ಚಿಗಳು. ಬಿಳಿ ಕೋಟು ತೊಟ್ಟ ಕಂಪೆನಿಯ ಮುಖ್ಯಸ್ಥ ಮಾತಾಡುತ್ತಿದ್ದ. ಹೊಗೆಯಿಂದ ಆಫ್ರಿಕಾದ ತಾಯಂದಿರು ಸಾಯುತ್ತಾರೆ ಎಂದ. ಅದು ಸುಳ್ಳಲ್ಲ. ನಮ್ಮುಮ್ಮನೂ ಕೆಮ್ಮಿಯೇ ಸತ್ತಳು. ಆದರೆ ಅವಳ ಕೆಮ್ಮನ್ನು ಯಾರೂ ತೂಗಿ ಮಾರಲಿಲ್ಲ.

ಅಷ್ಟರಲ್ಲಿ ಗಾಳಿ ತಿರುಗಿತು. ಕಡಲ ಕರೆಯಲ್ಲಿ ಹುಟ್ಟಿದ ನಾವೇ ಇದನ್ನು ಮರೆತಿದ್ದೆವು. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ. ಹೊತ್ತು ಏರಿದರೆ ಕಡಲಿನಿಂದ ನೆಲಕ್ಕೆ. ಬೆಂಗ್ರೆಯ ಮಕ್ಕಳೂ ಬಲ್ಲ ಸಂಗತಿ. ಎ.ಸಿ. ಹೋಟೆಲಿನ ಹಿಂದೆ ನಿಂತು ನಮಗೆ ಕಡಲೇ ಮರೆತುಹೋಗಿತ್ತು. ಪರದೆ ಉಬ್ಬಿತು. ಕೆಂಡದ ಮೇಲೆ ಕೊಬ್ಬು ಕರಗಿದ ನೀಲಿ ಹೊಗೆ ಗಿಡಗಳನ್ನು ದಾಟಿ ಟೆಂಟಿನೊಳಗೆ ಹೋಯಿತು. ಮೊಯ್ದು ತಲೆಗೆ ಕೈಯಿಟ್ಟುಕೊಂಡ.

ಏನಾಗಬಹುದೆಂದು ನಾವು ಹೆದರಿ ಕುಳಿತರೆ, ಆದದ್ದೇ ಬೇರೆ. ಮುಂದಿನ ಸಾಲಿನವರು ಮೂಗು ಎತ್ತಿ ಉಸಿರೆಳೆದುಕೊಂಡರು. ಒಬ್ಬರು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. ಸಾವಿನ ಅಂಕಿಗಳು ವೇದಿಕೆಯ ಸ್ಕ್ರೀನಿನ ಮೇಲೆ ಇದ್ದ ಹಾಗೇ, ಸಭೆಗೆ ಹಸಿವಾಯಿತು.

ಪಿಲಿಯನ್ನು ಕರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಒಲೆಯ ಮುಂದೆ ನಿಂತಳು. ರೇಷ್ಮೆ ಬೆಂಕಿ ಲಕಲಕ ಆಡಿತು. ಕೈಗೆ ಸೌಟು ಕೊಟ್ಟರು.

ಅವಳು ಪಾತ್ರೆಯೊಳಗೆ ನೋಡಿದಳು. ಸೌಟನ್ನು ಪಕ್ಕಕ್ಕಿಟ್ಟಳು.

ಮುಖ್ಯಸ್ಥ ನಗುತ್ತ ಸೌಟನ್ನು ಮತ್ತೆ ಅವಳ ಕೈಗೆ ಕೊಟ್ಟ. ಅವಳು ಮತ್ತೆ ಪಕ್ಕಕ್ಕಿಟ್ಟಳು. ಪಾತ್ರೆಯ ಎರಡೂ ಕಿವಿ ಹಿಡಿದು ಎತ್ತಿದಳು. ಸಭೆಯ ಕಡೆಗೆ ಬಗ್ಗಿಸಿ ಹಿಡಿದಳು. ಒಳಗಿನ ತಳ ಎಲ್ಲರಿಗೂ ಕಾಣಿಸಿತು. ಮೈಕಿನಲ್ಲಿ ತನ್ನ ಭಾಷೆಯಲ್ಲಿ ಮಾತಾಡಿದಳು. ಕೂಗಲಿಲ್ಲ.

ಖಲ್ಫಾನ್ ಕೈಯಲ್ಲಿದ್ದ ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಇಂಗ್ಲಿಷಿನಲ್ಲಿ ಹೇಳಿದರು. "ಇವಳು ಹೇಳುತ್ತಿದ್ದಾಳೆ: ಈ ಪಾತ್ರೆ ಖಾಲಿ. ಈ ಬೆಂಕಿ ಸುಳ್ಳು. ಖಾಲಿ ಪಾತ್ರೆಯಲ್ಲಿ ನಾನು ಸೌಟು ಆಡಿಸುವುದಿಲ್ಲ. ನೀವು ಬೇಲಿ ಹಾಕಿದ ಕಾಡು ನನ್ನ ತಾಯಿಯದ್ದು. ಅಲ್ಲಿನ ಇದ್ದಿಲು ಆ ಪರದೆಯ ಹಿಂದೆ..."

ಅಷ್ಟಕ್ಕೆ ಮೈಕು ಸತ್ತಿತು.

ಮುಖ್ಯಸ್ಥ ಜಾಣ. ಅಂಥವರು ಸುಮ್ಮನೆ ಮುಖ್ಯಸ್ಥರಾಗುವುದಿಲ್ಲ. ತನ್ನ ಮೈಕು ಹಿಡಿದು ಗಟ್ಟಿಯಾಗಿ ಹೇಳಿದ. "ಮಹನೀಯರೇ, ನೋಡಿ! ಈ ಖಾಲಿ ಪಾತ್ರೆಯೇ ಇಂದಿನ ಆಫ್ರಿಕಾ! ಇದನ್ನು ನಾವೆಲ್ಲ ಸೇರಿ ತುಂಬೋಣ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಚಪ್ಪಾಳೆ ನಿಲ್ಲುವವರೆಗೂ ಪಿಲಿ ಪಾತ್ರೆಯನ್ನು ಬಗ್ಗಿಸಿಯೇ ಹಿಡಿದಿದ್ದಳು. ಅದನ್ನು ಅವಳ ಕೈಯಿಂದ ಬಿಡಿಸಿಕೊಳ್ಳಲು ಇಬ್ಬರು ಬಂದರು. ಅವಳು ಕೊಡಲಿಲ್ಲ. ತಲೆಯ ಬಟ್ಟೆ ಬಿಚ್ಚಿ ಒಲೆಯ ಮೇಲೆ ಹಾಕಿದಳು. ರೇಷ್ಮೆ ಬೆಂಕಿ ಮುಚ್ಚಿಹೋಯಿತು. ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು, ಕೊಡ ಹೊತ್ತು ಬರುವವಳ ಹಾಗೆ, ಪರದೆ ಸರಿಸಿ ನಮ್ಮ ಕಡೆ ಬಂದಳು.

ಆಮೇಲೆ ಎಲ್ಲರೂ ಊಟಕ್ಕೆ ಎದ್ದರು. ಮಿಶ್ಕಾಕ್ ಒಂದು ಕಡ್ಡಿಯೂ ಉಳಿಯಲಿಲ್ಲ.

ಉಳಿದ ಅನ್ನ, ಸಾರು, ಸಿಹಿ ಯಾವುದನ್ನೂ ಕೆಲಸದವರು ಮುಟ್ಟುವಂತಿರಲಿಲ್ಲ. 'ಶೂನ್ಯ ತ್ಯಾಜ್ಯ' ಎಂದು ಬರೆದ ಒಂದು ಯಂತ್ರ ತಂದಿದ್ದರು. ಅದು ಅನ್ನವನ್ನು ಗೊಬ್ಬರ ಮಾಡುತ್ತದೆ. ಎಷ್ಟು ಗೊಬ್ಬರವಾಯಿತು ಎಂದು ತೂಗಿ ಅದನ್ನೂ ಘೋಷಿಸಬೇಕಿತ್ತು. ನನ್ನ ಗೀ ರೈಸು ಅದರ ಬಾಯಿಗೆ ಹೋಗುವುದನ್ನು ಕುಳಿತು ನೋಡಿದೆ. ಮಸಾಲೆ ಚೆನ್ನಾಗಿ ಬಂದಿತ್ತು.

ಫಿಲಿಪ್ ಬಂದ. "ಫಾಹಿಮ್ ಭಾಯ್, ಖಲಾಸ್. ಕಫೀಲ್ ಫೋನ್ ಮಾಡಿದ್ದರು. ವೀಸಾ ಇಲ್ಲ. ನಾಳೆಯಿಂದ ಇವಳು ಕಿಚನ್ನಿನಲ್ಲಿ ಕಾಣಬಾರದಂತೆ. ಟಿಕೆಟ್ ಮಾಡಿ ಕಳಿಸಿಬಿಡಿ."

"ಚಪ್ಪಾಳೆ ತಟ್ಟಿದರಲ್ಲ ಫಿಲಿಪ್?" ಎಂದೆ.

"ಅದು ಅವರಿಗೆ ಆಂಟಿ. ಇವಳಿಗಲ್ಲ."

ಹೇಳಿದವನು ತಾನು ಕುಡಿಯಲು ತಂದ ನೀರಿನ ಬಾಟಲಿಯನ್ನು ಮುಚ್ಚಳ ಬಿಚ್ಚದೆ ಪಿಲಿಯ ಪಕ್ಕದಲ್ಲಿಟ್ಟು ಹೋದ. ಅದನ್ನೂ ಬರೆಯಬೇಕು.

ಫಾಹಿಮ್ ಫೋನ್ ತೆಗೆದ. ಟ್ರಾವೆಲ್ಸಿನ ಜಲಾಲನ ನಂಬರು.

"ಫಾಹಿಮ್," ಎಂದೆ.

"ನಾನೆಂತ ಮಾಡ್ಲಿ ಉಮ್ಮಾ? ಲೈಸೆನ್ಸ್ ಹೋದ್ರೆ ಈ ಮೊಯ್ದು, ಇಸುಬು ಎಲ್ಲರೂ ಬೀದಿಗೆ. ಒಬ್ಬಳಿಗಾಗಿ..."

"ನಾನೆಂತ ಹೇಳ್ಲಿಲ್ಲ ಮಗಾ. ಟಿಕೆಟ್ ಎರಡು ಮಾಡು."

"ಎರಡು ಯಾಕೆ?"

"ನಾನೂ ಇದ್ದಿಲು ಸುಟ್ಟವಳ ಮಗಳೇ. ಆ ಪುಸ್ತಕದ ಪ್ರಕಾರ ನನ್ನನ್ನೂ ಇಟ್ಟುಕೊಳ್ಳಬಾರದು. ಅವಳನ್ನು ದಾರ್ ಎಸ್ ಸಲಾಮಿಗೆ ಕಳಿಸು, ನನ್ನನ್ನು ಮಂಗಳೂರಿಗೆ. ಗೀ ರೈಸಿಗೆ ಬೇರೆ ಕೈ ನೋಡಿಕೋ. ನಿನ್ನ ಕಫೀಲ್ ಚೆನ್ನಾಗಿ ಹುರಿಯಬಹುದು."

"ಉಮ್ಮಾ, ತಮಾಷೆ ಬೇಡ."

"ನನ್ನ ಸೌಟೂ ಇಗೋ." ಮಡಿಲಲ್ಲಿದ್ದ ಸೌಟನ್ನು ಕುರ್ಚಿಯ ಪಕ್ಕ, ಮರಳಿನ ಮೇಲೆ ಇಟ್ಟೆ.

ಮೊಯ್ದು ಕೆಮ್ಮಿದ. ಹೊಗೆ ಆಗಲೇ ಹೋಗಿತ್ತು.

ಪಿಲಿ ಇದಾವುದನ್ನೂ ಕೇಳಿಸಿಕೊಂಡವಳಂತೆ ಇರಲಿಲ್ಲ. ಕೆಂಡ ಇನ್ನೂ ಇತ್ತು. ವೇದಿಕೆಯಿಂದ ತಂದ ಪಾತ್ರೆಯನ್ನು ಅವಳು ಮುಂದೆ ಎಳೆದುಕೊಂಡಳು. ಫಿಲಿಪ್ ಇಟ್ಟುಹೋದ ನೀರನ್ನು ಅದಕ್ಕೆ ಸುರಿದಳು. ಆಮೇಲೆಯೇ ಅದನ್ನು ಬೆಂಕಿಗೆ ಏರಿಸಿದಳು. ತನ್ನ ಚೀಲದಿಂದ ಮೆಕ್ಕೆಜೋಳದ ಹಿಟ್ಟಿನ ಪೊಟ್ಟಣ ತೆಗೆದಳು. ಇಂಥ ಊಟಗಳಲ್ಲಿ ಕೆಲಸದವರ ಹೊಟ್ಟೆಗೆ ಏನು ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ಮರಳಿನ ಮೇಲಿದ್ದ ನನ್ನ ಸೌಟನ್ನು ಎತ್ತಿ, ಒರೆಸಿ, ಅದರಲ್ಲೇ ತಿರುವಿದಳು. ಎರಡೂ ಕೈಯ ಬಲ ಹಾಕಿ. ಬೆನ್ನು ಬಗ್ಗಿತು, ಭುಜದ ಎಲುಬು ಎದ್ದು ಕಂಡಿತು. ಹಿಟ್ಟು ಗಟ್ಟಿಯಾಗಿ ಮುದ್ದೆಯಾಯಿತು. ಅವರಲ್ಲಿ ಇದಕ್ಕೆ ಉಗಾಲಿ ಎನ್ನುತ್ತಾರೆ. ಜೋಳ ಬೆಂದ ವಾಸನೆಯ ಕೆಳಗೆ ಇದ್ದಿಲಿನ ವಾಸನೆ. ನಮ್ಮ ಮನೆಯ ವಾಸನೆ.

ಮೊದಲ ತಟ್ಟೆ ಖಲ್ಫಾನರಿಗೆ. ಅವರು ಆಗಲೇ ಮರಳಿನ ಮೇಲೆ ಕುಳಿತಾಗಿತ್ತು. ಆಮೇಲೆ ನನಗೆ, ಮೊಯ್ದುವಿಗೆ, ಇಸುಬುವಿಗೆ. ಟೆಂಟಿನ ಕಡೆಯಿಂದ ಗೊಬ್ಬರದ ತೂಕ ಹೇಳುವ ದನಿ ಕೇಳುತ್ತಿತ್ತು.

ಕೊನೆಯ ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಪಿಲಿ ಎದ್ದಳು. ತನಗೆ ಎಂದುಕೊಂಡೆ. ಅವಳು ಫಾಹಿಮನ ಮುಂದೆ ಹೋಗಿ ನಿಂತಳು. ತಟ್ಟೆ ಚಾಚಿದಳು. ನಗಲಿಲ್ಲ.

ಫಾಹಿಮ್ ಆಗಷ್ಟೇ ಜಲಾಲನಿಗೆ ಫೋನ್ ಮಾಡಿ ಟಿಕೆಟ್ ಬೇಕು ಎಂದಿದ್ದ. ಅವನು ಆಚೆಯಿಂದ ಕೇಳುತ್ತಿದ್ದ. "ಹಲೋ? ಯಾರ ಹೆಸರಿಗೆ ಮಾರಾಯ? ಒಂದಾ, ಎರಡಾ?"

ತಟ್ಟೆ ಸುಡುತ್ತಿತ್ತು. ಒಂದು ಕೈಯಲ್ಲಿ ಹಿಡಿಯುವಂಥದ್ದಲ್ಲ. ಫಾಹಿಮ್ ಬಗ್ಗಿ ಫೋನನ್ನು ಇದ್ದಿಲಿನ ಖಾಲಿ ಗೋಣಿಯ ಮೇಲಿಟ್ಟ. ಎರಡೂ ಕೈ ಚಾಚಿ ತೆಗೆದುಕೊಂಡ.